ಮಳೆಯ ಮುಂಜಾನೆ ಗುಡಿಗೆ ಬಂದ ಮೂವರು

ಹಳೆಯ ಗುಡಿಗಳ ಕಾವಲಿಗೆ ಈಗ ಹೊಸದಾಗಿ ಸೇರುವ ಹುಡುಗಿಯರು ಆಗಾಗ ಮಲಪನಗುಡಿಯ ನಮ್ಮ ಮನೆಗೆ ಬಂದು ಹೋಗುತ್ತಾರೆ. ಯೂನಿಫಾರ್ಮಿನ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಚಹಾ ಕುಡಿಯುತ್ತ, "ಯಮ್ಮಾ, ಮುಂಜಾಲಿಂದ ಸಂಜಿ ತನಕ ಅಲ್ಲಿ ಕುಂತು ಏನ್ ಮಾಡ್ತಿದ್ರಿ? ನಮಗ ಹೊತ್ತ ಹೋಗವಲ್ದು" ಎನ್ನುತ್ತಾರೆ. ನಾನು ಇದ್ದದ್ದನ್ನೇ ಹೇಳುತ್ತೇನೆ: "ಅನುಮಾನ ಪಡ್ತಿದ್ದೆ." ಅವರು ನಗುತ್ತಾರೆ. ನಗಿಸಲು ಹೇಳಿದ ಮಾತಲ್ಲ ಅದು. ಬಂದವರ ಕೈಯಲ್ಲಿ ಏನಿದೆ, ಕಾಲಲ್ಲಿ ಏನಿದೆ, ಬಾಯಿ ಹೇಳುತ್ತಿರುವುದಕ್ಕೂ ಕಣ್ಣು ಹೋಗುತ್ತಿರುವ ಕಡೆಗೂ ತಾಳೆಯಾಗುತ್ತದೆಯೇ ಇಲ್ಲವೇ, ಇದನ್ನು ನೋಡುವುದಕ್ಕೇ ನನಗೆ ಸಂಬಳ ಕೊಟ್ಟರು. ಆ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಲಿಗೆಮ್ಮ. ಮೊದಲು ಹಂಪಿಗೆ ಹೋದದ್ದು ದಿನಗೂಲಿಗೆ ಹುಲ್ಲು ಕೀಳಲು. ಗೋಡೆಯ ಸಂದಿಯಲ್ಲಿ ಬೇರು ಬಿಟ್ಟ ಅರಳಿ ಸಸಿಗಳನ್ನು ಕಿತ್ತು ಕಿತ್ತು ಬೆರಳುಗಳ ಉಗುರು ಸವೆದಿದ್ದವು. ಹತ್ತನೆಯ ತರಗತಿ ಪಾಸಾಗಿದ್ದೆ ಎಂಬ ಕಾರಣಕ್ಕೆ ಮುಂದೆ ಕಾವಲಿನ ಕೆಲಸ ಸಿಕ್ಕಿತು. ಅದು ಹೇಗೆ ಖಾಯಂ ಆಯಿತು, ಯಾವಾಗ ಬಡ್ತಿ ಬಂತು ಎಂಬುದನ್ನೆಲ್ಲ ಬಿಡುತ್ತೇನೆ. ಅದರಿಂದ ನಿಮಗೆ ಏನೂ ಉಪಯೋಗವಿಲ್ಲ.

ನನ್ನ ಮೊದಲ ಸಾಹೇಬರು ಧಾರವಾಡದ ಕಡೆಯವರು, ಭಾರಿ ಸಿಟ್ಟಿನ ಮನುಷ್ಯ. ಕಾವಲಿನವರೆಲ್ಲ ಕಂಬಕ್ಕೆ ಒರಗಿ ನಿದ್ದೆ ಹೊಡೆಯುತ್ತಾರೆಂಬುದು ಅವರ ಗಟ್ಟಿ ನಂಬಿಕೆ. ಒಂದು ಮಧ್ಯಾಹ್ನ ಅವರು ಲುಂಗಿ ಉಟ್ಟು, ತಲೆಗೆ ಟವೆಲ್ ಸುತ್ತಿಕೊಂಡು, ಕುರಿ ಕಾಯುವವರ ಹಾಗೆ ನನ್ನ ಮಂಟಪಕ್ಕೆ ಬಂದರು. ಅತ್ತಿತ್ತ ನೋಡಿ, ಮುರಿದುಬಿದ್ದಿದ್ದ ಕೆತ್ತನೆಯ ತುಂಡೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟರು. ನಾನು ಸೀಟಿ ಊದಿ ನಿಲ್ಲಿಸಿದೆ. ಕಾಲು ನೋಡಿದೆ. ಕುರಿ ಕಾಯುವವನ ಪಾದ ಅಷ್ಟು ಬೆಳ್ಳಗೆ, ಅಷ್ಟು ಮೆತ್ತಗೆ ಇರುವುದಿಲ್ಲ. ಕಣಕಾಲಿನಲ್ಲಿ ಕಾಲುಚೀಲದ ಗುರುತು ಬೇರೆ. ಯಾರೆಂದು ತಿಳಿದುಹೋಯಿತು.

"ಯಾವೂರ್ಲೇ ನಿಂದು? ಕುಂದ್ರ ಅಲ್ಲಿ ಬಿಸಲಾಗ!" ಎಂದೆ.

ಸಾಹೇಬರು ಕುಳಿತರು. ಸುಮಾರು ಹೊತ್ತು ಕುಳಿತ ಮೇಲೆ, "ಹುಲಿಗೆಮ್ಮಾ, ನಾ ನಿಮ್ಮ ಸಾಹೇಬ ಅದೀನಿ" ಎಂದರು.

"ಕಾರ್ಡ್ ತೋರಸ್ರಿ" ಎಂದೆ. ಲುಂಗಿಯಲ್ಲಿ ಕಾರ್ಡ್ ಎಲ್ಲಿಂದ ಬರಬೇಕು?

ಮರುದಿನ ಎಲ್ಲರ ಮುಂದೆ, "ಈಕಿ ಮಾಡಿದಂಗ ಮಾಡ್ರಿ ಕೆಲಸ" ಎಂದು ಹೊಗಳಿದರು. ಆದರೆ ನಾನು ಗುರುತು ಹಿಡಿದಿದ್ದೆನೋ ಇಲ್ಲವೋ ಎಂಬ ಸಂಶಯ ಅವರಿಗೆ ಕಡೆಯವರೆಗೂ ಹೋಗಲಿಲ್ಲ. ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ, ಹಿಡಿದಿದ್ದೆ.

ಅನುಮಾನ ದಾರಿ ತಪ್ಪಿದ್ದೂ ಉಂಟು. ಒಂದು ಸಲ ಮೆಟ್ರಿಯ ರೈತನೊಬ್ಬ ನೆಲಮಾಳಿಗೆಯಂಥ ಕತ್ತಲೆಯ ಕೋಣೆಯಿಂದ ತುಂಬಿದ ಚೀಲ ಹೊತ್ತು ಹೊರಗೆ ಬಂದ. ಚೀಲದಲ್ಲಿ ಏನಿದೆ ಎಂದರೆ ನಾಚಿಕೊಂಡು ನಿಂತ. ಅವನ ನಾಚಿಕೆಯೇ ನನಗೆ ಅಪರಾಧವಾಗಿ ಕಂಡಿತು. ಬಾಯಿ ಬಿಚ್ಚಿಸಿ, ತಳದಲ್ಲಿ ವಿಗ್ರಹ ಇಟ್ಟಿರಬೇಕೆಂದು ಮೊಣಕೈವರೆಗೆ ಕೈ ತೂರಿಸಿದೆ. "ಬಾವಲಿ ಹಿಕ್ಕಿರೀ ಯಕ್ಕಾ. ಬಾಳಿ ಗಿಡಕ್ಕ ಭಾಳ ಚಲೋ" ಎಂದ ಅವನು. ಅವತ್ತು ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ನಾನಿಳಿಯುವ ತನಕ ಖಾಲಿ ಇತ್ತು.

ಆಗೆಲ್ಲ ನಮ್ಮ ಕೈಯಲ್ಲಿ ಒಂದು ಸೀಟಿ, ಒಂದು ಕೋಲು. ಆಮೇಲೆ ವಾಕಿಟಾಕಿ ಕೊಟ್ಟರು, ಅದು ಗೊರಗೊರ ಎನ್ನುತ್ತಿತ್ತೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಆಮೇಲೆ ಮೊಬೈಲ್ ಬಂತು, ಕ್ಯಾಮೆರಾ ಬಂತು. ಈಗಿನ ಸಾಹೇಬರುಗಳು ಆಫೀಸಿನಲ್ಲಿ ಕುಳಿತು ಪರದೆ ನೋಡುತ್ತಾರೆ. ನೋಡಲಿ. ಕ್ಯಾಮೆರಾ ಆದದ್ದನ್ನು ತೋರಿಸುತ್ತದೆ. "ಎಲ್ಲಿಂದ ಬಂದ್ರಿ, ಯಾಕ ಬಂದ್ರಿ" ಎಂದು ಕೇಳುವುದಿಲ್ಲ. ಕೇಳುವ ಕೆಲಸ ಇನ್ನೂ ನಮ್ಮದೇ. ಹಾಗೆ ಕೇಳಬೇಕಾಗಿ ಬಂದ ಒಂದು ಮುಂಜಾನೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಿವೃತ್ತಿಗೆ ಕೆಲವು ವರ್ಷ ಮುಂಚೆ ನನ್ನನ್ನು ಸಂಡೂರಿನ ಗುಡ್ಡಗಳ ನಡುವಿನ ಒಂದು ಹಳೆಯ ಶಿವನ ಗುಡಿಗೆ ಹಾಕಿದರು. ಗುಡಿಯ ಹೆಸರು ಬರೆಯುವುದಿಲ್ಲ. ಬರೆದರೆ ಓದಿದವರಲ್ಲಿ ಯಾರಾದರೂ ಹಾರೆ ಹಿಡಿದು ಹೊರಟಾರು. ಗರ್ಭಗುಡಿ, ಅದರ ಮುಂದೆ ಕಂಬಗಳ ಮಂಟಪ, ಪಕ್ಕದಲ್ಲಿ ಮೆಟ್ಟಿಲಿಳಿಯುವ ಸಣ್ಣ ಹೊಂಡ, ಸುತ್ತ ಗೋಡೆ, ಗೇಟಿನ ಬಳಿ ನನಗೊಂದು ತಗಡಿನ ಕೋಣೆ. ಇಷ್ಟೇ. ಹಂಪಿಯ ಗದ್ದಲ ಕಂಡವಳಿಗೆ ಅಲ್ಲಿ ಕಿವಿ ಗುಂಯ್‌ಗುಡುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಅದಿರು ಲಾರಿಗಳು ಹೋಗುವ ಸದ್ದು ಬಿಟ್ಟರೆ ಬೇರೇನಿಲ್ಲ. ದಿನಾ ಮುಂಜಾನೆ ಹತ್ತಿರದ ಹಳ್ಳಿಯಿಂದ ಅರ್ಚಕ ವೀರಭದ್ರಯ್ಯನವರು ಬಂದು, ಲಿಂಗಕ್ಕೆ ನೀರು ಹಾಕಿ, ದೀಪ ಹಚ್ಚಿ ಹೋಗುತ್ತಿದ್ದರು. ಎಪ್ಪತ್ತು ದಾಟಿದ ಮುದುಕ. ಮಾತು ಕಡಿಮೆ.

ಆ ವೀರಭದ್ರಯ್ಯನವರ ಮೇಲೆ ನನಗೆ ಅನುಮಾನ ಬಂದಿತ್ತು. ಮಂಟಪದ ಚಾವಣಿ ಒಂದು ಮೂಲೆಯಲ್ಲಿ ಸೋರುತ್ತಿತ್ತು. ಅದರ ಕೆಳಗಿನ ಹಾಸುಗಲ್ಲಿನ ಮೇಲೆ ಯಾರೋ ಅರಿಶಿನ ಹಚ್ಚಿದ್ದನ್ನು ಒಂದು ದಿನ ಕಂಡೆ. ಅಲ್ಲಿ ದೇವರಿಲ್ಲ, ಕೆತ್ತನೆಯಿಲ್ಲ, ಬರಿ ಕಲ್ಲು. ಗುಡಿಗೆ ದಿನಾ ಬರುವವರು ನಾವಿಬ್ಬರೇ. ನಾನು ಹಚ್ಚಿಲ್ಲ. ನಿಧಿ ಹುಡುಕುವ ಮಂದಿ ಜಾಗಕ್ಕೆ ಗುರುತು ಹಾಕಿ ಹೋಗುತ್ತಾರೆಂದು ಹಂಪಿಯಲ್ಲಿ ಕೇಳಿದ್ದೆ. ಕೇಳಿದರೆ ಎಚ್ಚರವಾದಾರೆಂದು ಅವರನ್ನು ಏನೂ ಕೇಳದೆ ಸುಮ್ಮನೆ ಕಣ್ಣಿಟ್ಟಿದ್ದೆ.

ಅಂದು ರಾತ್ರಿಯಿಡೀ ಮಳೆ ಹೊಡೆದು ಬೆಳಿಗ್ಗೆಯೂ ನಿಂತಿರಲಿಲ್ಲ. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಂಡೂರು ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಪ್ರಕಾಶನ ಫೋನು ಬಂತು. ಸುತ್ತಲಿನ ಕೆಲವು ಗುಡಿಗಳ ಕಾವಲು ನೋಡಿಕೊಳ್ಳಲು ಗುತ್ತಿಗೆಯ ಮೇಲೆ ಇಟ್ಟಿದ್ದ ಸೂಪರ್‌ವೈಸರ್ ಅವನು.

"ಯಮ್ಮಾ, ಇಂಥಾ ಮಳಿಯಾಗ ಯಾಕ ಹೊಂಟೀರಿ? ವಯಸ್ಸಾಗೈತಿ, ಜಾರಿ ಬಿದ್ದೀರಿ. ಮನ್ಯಾಗ ಇರ್ರಿ. ಹಾಜರಿ ನಾ ನೋಡ್ಕೊಂತೀನಿ."

ನನ್ನ ಮಗಳ ಹೆರಿಗೆಗೆ ರಜೆ ಕೇಳಿದಾಗ ಸತಾಯಿಸಿ ಸಾಯಿಸಿದ್ದ ಮನುಷ್ಯ ಇವನು. ಇವನ ಬಾಯಲ್ಲಿ ಇಷ್ಟು ಸಿಹಿ ಎಲ್ಲಿಂದ ಬಂತು? "ಆಗ್ಲಿ ಸರ" ಎಂದು ಫೋನಿಟ್ಟೆ. ಬಸ್ಸು ಬಂತು. ಹತ್ತಿದೆ.

ಗುಡಿಗೆ ತಲುಪುವಷ್ಟರಲ್ಲಿ ಸೀರೆಯ ಅಂಚೆಲ್ಲ ಕೆಂಪು ಕೆಸರು. ಗೇಟು ತೆಗೆದೆ. ವೀರಭದ್ರಯ್ಯನವರು ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು ಬಂದವರು, ನನ್ನನ್ನು ನೋಡಿ ಸ್ವಲ್ಪ ನಿಂತು, ಏನೂ ಹೇಳದೆ ಒಳಗೆ ಹೋದರು. ಆ ನಿಂತದ್ದನ್ನೂ ನಾನು ಮನಸ್ಸಿನಲ್ಲಿ ಬರೆದುಕೊಂಡೆ.

ದೀಪ ಹಚ್ಚಿ ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ, ಒಂದು ಜೀಪು ಬಂದು ನಿಂತಿತು. ಮೂವರು ಇಳಿದರು. ಒಬ್ಬ ಐವತ್ತರ ಆಸುಪಾಸಿನ ಮನುಷ್ಯ, ಬಿಳಿ ಬಟ್ಟೆ, ಹಣೆ ತುಂಬ ವಿಭೂತಿ. ಹಿಂದೆ ಡ್ರೈವರ್, ಹೆಗಲಲ್ಲಿ ಭಾರದ ಚೀಲ. ಅವರಿಬ್ಬರ ನಡುವೆ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ, ಬರಿಗಾಲು, ತಲೆಗೆ ಸ್ನಾನ ಮಾಡಿಸಿದ ಒದ್ದೆ ಕೂದಲು. ಬಿಳಿ ಬಟ್ಟೆಯವನು ತೆರೆದ ಗೇಟನ್ನೂ ನನ್ನನ್ನೂ ನೋಡಿ ತಡೆದು ನಿಂತ.

"ಓ... ನೀವು ಅದೀರೇನು ಇವತ್ತು?"

ನಾನು ದಿನಾ ಇರುವವಳು. ಇವತ್ತು ಇರುವುದಿಲ್ಲ ಎಂದು ಇವನಿಗೆ ಹೇಳಿದವರು ಯಾರು?

"ಬರ್ರಿ, ಬರ್ರಿ. ಎಲ್ಲಿಂದ ಬಂದ್ರಿ?" ಎಂದೆ, ಮುಖದಲ್ಲಿ ಏನೂ ತೋರಿಸದೆ.

"ಕಂಪ್ಲಿ ಕಡಿಯಿಂದ್ರಿ ಅಮ್ಮಾರ. ನಾ ಶೇಖರಪ್ಪ ಅಂತ. ಈಕಿ ನಮ್ಮಕ್ಕನ ಮಗಳು. ಲಗ್ನ ಕೂಡವಲ್ದು, ಅದಕ್ಕ ಹರಕಿ ಇತ್ತು."

ಹರಕೆಯ ಮಂದಿಯ ಕೈಯಲ್ಲಿ ಹೂವಿಲ್ಲ, ಕಾಯಿಲ್ಲ. ಡ್ರೈವರ್ ಬೂಟು ಬಿಚ್ಚದೆ ಮೆಟ್ಟಿಲು ಹತ್ತಿದ. ಹುಡುಗಿಯ ಎಡಗೈ ಕಿರುಬೆರಳಿಗೆ ಅರಿಶಿನ ಬಟ್ಟೆ ಸುತ್ತಿತ್ತು, ಅದರಲ್ಲಿ ರಕ್ತದ ಕಲೆ. ಶೇಖರಪ್ಪ ಗರ್ಭಗುಡಿಯ ಕಡೆ ಒಮ್ಮೆ ಕೈಯೆತ್ತಿ ಮುಗಿದು, ನೇರ ಮಂಟಪದ ಸೋರುವ ಮೂಲೆಗೆ ಹೋದ. ಅಲ್ಲಿ ಕುಕ್ಕರಗಾಲಲ್ಲಿ ಕುಳಿತು ನೆಲ ನೋಡತೊಡಗಿದ.

ನಾನೂ ನೋಡಿದೆ. ಚಾವಣಿಯಿಂದ ಬಿದ್ದು ಹರಡಿದ ನೀರು ಮಂಟಪದ ಉಳಿದ ಕಡೆಯೆಲ್ಲ ಮಡುಗಟ್ಟಿ ನಿಂತಿತ್ತು. ಆ ಮೂಲೆಯಲ್ಲಿ ಮಾತ್ರ, ಅರಿಶಿನ ಹಚ್ಚಿದ ಕಲ್ಲಿನ ಸಂದಿಯಲ್ಲಿ, ನೀರು ಸಣ್ಣಗೆ ಸುಳಿ ತಿರುಗಿ ಒಳಗಿಳಿಯುತ್ತಿತ್ತು. ಶೇಖರಪ್ಪ ಚಿಟಿಕೆ ವಿಭೂತಿ ಉದುರಿಸಿದ. ಅದು ತೇಲಿ ಹೋಗಿ ಸಂದಿಯಲ್ಲಿ ಮಾಯವಾಯಿತು. ಅವನು ತಲೆಯೆತ್ತಿ ಡ್ರೈವರನ ಮುಖ ನೋಡಿದ.

ಮಳೆಯ ದಿನವನ್ನೇ ಯಾಕೆ ಹುಡುಕಿ ಬಂದರು ಎಂಬುದು ಆಗ ನನಗೆ ತಿಳಿಯಿತು. ನೀರು ಇಳಿಯುವ ಕಲ್ಲಿನ ಕೆಳಗೆ ಪೊಳ್ಳು ಇರುತ್ತದೆ. ಪೊಳ್ಳು ಇರುವಲ್ಲಿ ಹುಗಿದಿಟ್ಟದ್ದು ಇರುತ್ತದೆ ಎಂದು ಇಂಥವರ ಲೆಕ್ಕ.

ಹುಡುಗಿ ದೇವರನ್ನೂ ನೋಡುತ್ತಿರಲಿಲ್ಲ, ನೆಲವನ್ನೂ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಕಣ್ಣು ಮಿಟುಕಿಸದೆ. ಡ್ರೈವರ್ ಅವಳ ಮೊಣಕೈ ಹಿಡಿದೇ ನಿಂತಿದ್ದ. ಅವಳನ್ನು ಇವರಿಂದ ಬೇರೆ ಮಾಡಬೇಕು, ಹೇಗೆ? ಸೀಟಿ ಊದಿದರೆ ಆ ಮಳೆಯಲ್ಲಿ ಕೇಳುವವರು ಯಾರೂ ಇಲ್ಲ. ಇವರು ಇಬ್ಬರು ಗಟ್ಟಿ ಗಂಡಸರು. ನಾನು ಮುದುಕಿ. ಒಳಗಿರುವ ಅರ್ಚಕ ಯಾರ ಕಡೆಯವನೋ ಗೊತ್ತಿಲ್ಲ.

ಆಗ ಒಂದು ಉಪಾಯ ಹೊಳೆಯಿತು. ಗಟ್ಟಿಯಾಗಿ ಕೂಗಿದೆ:

"ಏನವ್ವಾ ಹುಡುಗಿ, ಮುಟ್ಟಾಗಿ ಗುಡಿಯೊಳಗ ಬಂದಿಯಲ್ಲಾ! ಸೀರಿ ನೋಡ್ಕೊಂಡಿಲ್ಲೇನು? ಬಾ ಈ ಕಡಿ, ಮೊದಲ ಹೊರಗ ಬಾ!"

ಡ್ರೈವರ್ ಬೆಂಕಿ ಮುಟ್ಟಿದವನ ಹಾಗೆ ಅವಳ ಕೈ ಬಿಟ್ಟ. ಶೇಖರಪ್ಪ ಎದ್ದು ಎರಡು ಹೆಜ್ಜೆ ಹಿಂದೆ ಸರಿದ. ಹುಡುಗಿಗೆ ಹಾಗೇನೂ ಆಗಿರಲಿಲ್ಲ. ಆದರೂ ಕ್ಷಣ ತಡಮಾಡದೆ, "ಹೌದ್ರಿ ಯಮ್ಮಾ, ಈಗ ಆತು" ಎಂದು ತಲೆ ತಗ್ಗಿಸಿ ನನ್ನ ಹತ್ತಿರ ಓಡಿ ಬಂದಳು. ಜಾಣೆ, ಎಂದುಕೊಂಡೆ. ಕರೆದುಕೊಂಡು ಹೋಗಿ ನನ್ನ ಕೋಣೆಯಲ್ಲಿ ಕೂಡಿಸಿ ಬಾಗಿಲು ಹಾಕಿದೆ.

ಅವಳ ಹೆಸರು ಕವಿತಾ. ತಾನೇ ಹೇಳಿದಳು. ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವಳಂತೆ. ಅಂಥವರ ಕಣ್ಣಿಗೆ ಅಂಜನ ಹಾಕಿದರೆ ಭೂಮಿಯೊಳಗಿನದು ಕಾಣುತ್ತದೆಂದು ಸೋದರಮಾವ ನಂಬಿದ್ದ. ತಿಂಗಳಿಂದ ಅವಳನ್ನು ತನ್ನ ಮನೆಯಲ್ಲಿ ಇರಿಸಿಕೊಂಡು, ವೀಳ್ಯದೆಲೆಗೆ ಕಪ್ಪು ಹಚ್ಚಿ ನೋಡು ನೋಡು ಎಂದು ಕೂಡಿಸುತ್ತಿದ್ದ. ನಿನ್ನೆ ಬೆರಳು ಚುಚ್ಚಿ ರಕ್ತ ತೆಗೆದಿದ್ದರು.

"ಇವತ್ತು ಜಾಗ ನೋಡಿ ಕೋಳಿ ಕೊಡೂಣು, ಅಮಾಸಿಗೆ ಬಂದು ಪೂರಾ ಕೆಲಸ ಮಾಡೂಣು ಅಂತ ಮಾತಾಡಿದ್ರು. ಪೂರಾ ಅಂದ್ರ ಏನು ಅಂತ ಕೇಳಿದೆ. ಇಬ್ರೂ ನಕ್ರು, ಹೇಳ್ಲಿಲ್ಲ" ಎಂದಳು.

ಒಳಗಿಂದ ಚಿಲಕ ಹಾಕಿಕೊಳ್ಳಲು ಹೇಳಿ ಹೊರಗೆ ಬಂದೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಹೊಂಡದ ಮೇಲಿನ ಮೆಟ್ಟಿಲ ಮೇಲೆ ಮಾತ್ರ. ಕೊಡೆ ಬಿಚ್ಚಿ ಅಲ್ಲಿಗೆ ನಡೆದೆ. ಡ್ರೈವರ್ ತಾನೂ ಕೊಡೆ ಹಿಡಿದು ಹಿಂದೆಯೇ ಬಂದು ನಿಂತ.

"ಯಾರಿಗೆ ಫೋನು?"

"ನಮ್ಮ ತಂಗಿಗಿ. ಹುಡುಗಿಗೆ ಉಡಾಕ ಒಂದು ಸೀರಿ ಬೇಕಲ್ಲಪಾ, ತರಾಕ ಹೇಳ್ತೀನಿ" ಎಂದೆ.

ಸಂಡೂರಿನಲ್ಲಿ ಶಬಾನಾ ಎಂಬ ಪೊಲೀಸ್ ಕಾನ್ಸ್‌ಟೇಬಲ್ ಇದ್ದಳು. ಬೀಟಿಗೆ ಬಂದಾಗ ನನ್ನ ಕೋಣೆಯಲ್ಲಿ ಚಹಾ ಕುಡಿದು ಹೋಗುತ್ತಿದ್ದಳು. ಅವಳಿಗೆ ಹಚ್ಚಿದೆ.

"ತಂಗಿ, ನಾ ಹುಲಿಗೆಮ್ಮ. ಗುಡಿಗೆ ನೆಂಟ್ರು ಬಂದಾರವ್ವಾ."

"ನೆಂಟ್ರಾ? ಯಾವ ನೆಂಟ್ರು ಯಮ್ಮಾ?"

"ಅವ್ರ, ನೆಲದ ಕೆಲಸದೋರು. ಇಬ್ರು ಗಂಡಸ್ರು. ಜೋಡಿ ನಮ್ಮ ಹುಡುಗೀನೂ ಅದಾಳ. ಆಕಿಗೆ ಭಾಳ ಹುಷಾರಿಲ್ಲ. ಒಂದು ಸೀರಿ ತಗೊಂಡು, ಗಾಡಿ ಮಾಡ್ಕೊಂಡು ಜಲ್ದಿ ಬಾ."

ನಾನು ಡ್ರೈವರನ ಕಡೆ ತಿರುಗದೆ ಹೊಂಡದ ನೀರು ನೋಡುತ್ತ ನಿಂತೆ.

"ಬಾಜೂಕ ಯಾರಾರ ಅದಾರೇನು?" ಎಂದಳು ಶಬಾನಾ, ದನಿ ಬದಲಾಗಿತ್ತು.

"ಹೂಂ. ಕೊಡಿ ಹಿಡ್ಕೊಂಡು ನಿಂತಾರ ಪಾಪ."

"ಚಹಾ ಕೊಟ್ಟು ಕುಂದ್ರಸ್ರಿ. ಬಂದ್ವಿ."

ತಿರುಗಿ ಬರುವಷ್ಟರಲ್ಲಿ ಶೇಖರಪ್ಪ ನನ್ನ ಕೋಣೆಯ ಬಾಗಿಲು ಬಡಿಯುತ್ತಿದ್ದ. "ಏ ಕವಿತಾ, ಬಾ ಹೊರಗ! ಇನ್ನೊಂದು ದಿನ ಬರೂಣು, ನಡಿ!" ಒಳಗಿನಿಂದ ಸದ್ದಿಲ್ಲ. ನಾನು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಹುಡುಗಿ ಸೀರಿ ಬದಲಿ ಮಾಡ್ಲೆಪ್ಪಾ. ಹಂಗ ಕರ್ಕೊಂಡು ಹೊಕ್ಕೀರೇನು?"

"ನೀವು ಸರೀರಿ ಅಮ್ಮಾರ. ಮನಿ ಹೆಣ್ಣುಮಗಳು, ಹೆಂಗಾರ ಕರ್ಕೊಂಡು ಹೊಕ್ಕೀವಿ." ದನಿಯಲ್ಲಿ ಇನ್ನೂ ಗೌರವವಿತ್ತು, ಆದರೆ ಡ್ರೈವರ್ ನನ್ನ ಪಕ್ಕಕ್ಕೆ ಬಂದು ನಿಂತಿದ್ದ. ಅವನು ಒಂದು ಕೈಯಲ್ಲಿ ನೂಕಿದರೆ ನಾನು ಕೆಸರಿನಲ್ಲಿರುತ್ತಿದ್ದೆ.

ಆಗ ಗರ್ಭಗುಡಿಯಿಂದ ವೀರಭದ್ರಯ್ಯನವರು ಹೊರಗೆ ಬಂದರು. ಕೈಯಲ್ಲಿ ತಂಬಿಗೆ. ಅಷ್ಟು ದೊಡ್ಡ ದನಿ ಆ ಮುದುಕನಲ್ಲಿ ಇತ್ತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ನಿಂದ್ರಲೇ! ಎಲ್ಲಿಗೆ ಹೊಂಟೀರಿ? ಗುಡಿ ಮೈಲಿಗಿ ಮಾಡಿ ಹಂಗ ಹೊಕ್ಕೀರೇನು? ಶುದ್ಧಿ ಆಗೂ ತನಕ ಆಕಿ ಜೋಡಿ ಬಂದೋರು ಯಾರೂ ಗೇಟ ದಾಟಂಗಿಲ್ಲ. ದಾಟಿದ್ರ ಹಿಡದ ಕೆಲಸ ಯಾವುದೂ ಕೈಗೂಡಂಗಿಲ್ಲ. ನೆಲದ ಕೆಲಸ ಅಂತೂ ಸುತರಾಂ ಇಲ್ಲ!"

ಶೇಖರಪ್ಪನ ಮುಖ ಬಿಳಿಚಿಕೊಂಡಿತು. "ಹಂಗ ಐತೇನ್ರಿ ಅಯ್ನೋರ? ಏನ್ ಮಾಡಬೇಕ್ರಿ ಈಗ?"

"ಅಲ್ಲಿ ಕಟ್ಟಿ ಮ್ಯಾಲ ಪೂರ್ವಕ್ಕ ಮುಖ ಮಾಡಿ ಕುಂದ್ರಿ. ತಲಿ ಮ್ಯಾಲ ಒದ್ದಿ ಅರಿವಿ ಹಾಕ್ಕೊರಿ. ಬಾಯಿ ಬಿಟ್ಟು ಮಾತಾಡಿದ್ರ ಮೊದಲಿಂದ ಸುರು ಮಾಡಬೇಕಾಕ್ಕೈತಿ, ನೋಡ್ರಿ ಮತ್ತ."

ಅವನು ಕುಳಿತ! ಡ್ರೈವರನೂ ಗೊಣಗುತ್ತ ಕುಳಿತ. ವೀರಭದ್ರಯ್ಯನವರು ಹೊಂಡದಿಂದ ತಂಬಿಗೆ ತಂಬಿಗೆ ನೀರು ತಂದು, ಗಂಟೆ ಬಾರಿಸುತ್ತ, ಏನೇನೋ ಮಂತ್ರ ಹೇಳುತ್ತ, ಅವರಿಬ್ಬರ ಸುತ್ತ ಹನಿಸುತ್ತಿದ್ದರು. ಸುತ್ತಲೂ ಧೋ ಎಂದು ಮಳೆ, ಅದರ ನಡುವೆ ತಂಬಿಗೆಯಲ್ಲಿ ನೀರು ಚಿಮುಕಿಸುವ ಮುದುಕ. ನಗು ಬರಬೇಕಿತ್ತು. ಬರಲಿಲ್ಲ. ಡ್ರೈವರ್ ಎರಡು ಸಲ ಎದ್ದು ನಿಂತ, ಎರಡು ಸಲವೂ ಶೇಖರಪ್ಪನೇ ಅವನ ಅಂಗಿ ಹಿಡಿದೆಳೆದು ಕೂಡಿಸಿದ. ನನ್ನ ಕಿವಿಯೆಲ್ಲ ಕೆಳಗಿನ ರಸ್ತೆಯ ಕಡೆಗಿತ್ತು. ಲಾರಿಯ ಸದ್ದು ಕೇಳಿದಾಗಲೆಲ್ಲ ಪೊಲೀಸ್ ಜೀಪೆಂದು ಗೇಟಿನ ಕಡೆ ನೋಡುತ್ತಿದ್ದೆ.

ಕಡೆಗೂ ಬಂದರು. ಶಬಾನಾ, ಜೊತೆಗೆ ಸಬ್‌ಇನ್‌ಸ್ಪೆಕ್ಟರ್, ಇನ್ನಿಬ್ಬರು. ಅದಿರು ಲಾರಿಯೊಂದು ತಿರುವಿನಲ್ಲಿ ಹೂತು ದಾರಿ ಕಟ್ಟಿದ್ದರಿಂದ ಕಡೆಯ ಏರನ್ನು ಓಡಿಕೊಂಡೇ ಹತ್ತಿದ್ದರು. ಶಬಾನಾಳ ಕೈಯಲ್ಲಿ ನಿಜವಾಗಿಯೂ ಒಂದು ಸೀರೆ ಇತ್ತು. ಡ್ರೈವರನ ಚೀಲದಲ್ಲಿ ಹಾರೆ, ಸುತ್ತಿಗೆ ಸಿಕ್ಕವು. ಅವನ ಕಿಸೆಯಲ್ಲಿ ನಮ್ಮ ಗೇಟಿನ ಇನ್ನೊಂದು ಕೀಲಿ ಸಿಕ್ಕಿತು. ಅದು ಇರಬೇಕಾದದ್ದು ಪ್ರಕಾಶನ ಹತ್ತಿರ. ಜೀಪಿನಲ್ಲಿ ಬುಟ್ಟಿಯ ಕೆಳಗೆ ಒಂದು ಕಪ್ಪು ಕೋಳಿ, ಗೋಣಿತಟ್ಟಿನಲ್ಲಿ ಸುತ್ತಿದ ಹೊಸ ಕತ್ತಿ. ಕತ್ತಿ ಕೋಳಿಗೆಂದು ಶೇಖರಪ್ಪ ಠಾಣೆಯಲ್ಲಿ ಹೇಳಿದನಂತೆ. ಒಂದು ಕೋಳಿಗೆ ಅಷ್ಟು ಉದ್ದದ ಕತ್ತಿ ಯಾಕೆ ಬೇಕಿತ್ತೆಂದು ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಪ್ರಕಾಶ ಮೊದಲು, ಮಳೆಯೆಂದು ಕನಿಕರಪಟ್ಟು ರಜೆ ಕೊಟ್ಟೆ ಎಂದ. ಕೀಲಿ ತೋರಿಸಿದ ಮೇಲೆ ಸುಮ್ಮನಾದ. ಅವನ ಕೆಲಸ ಹೋಯಿತು. ಕೋರ್ಟಿಗೆ ನಾನೂ ಅರ್ಚಕರೂ ಸಾಕ್ಷಿ ಹೇಳಲು ಅಲೆದೆವು. ಪ್ರಕಾಶನೂ ಸೇರಿ ಮೂವರಿಗೂ ಶಿಕ್ಷೆಯಾಯಿತು. ಇಲಾಖೆಯ ಎಂಜಿನಿಯರು ಬಂದು ಆ ಹಾಸುಗಲ್ಲು ಎತ್ತಿಸಿ ನೋಡಿದರು. ಕೆಳಗೆ ಹೊಂಡಕ್ಕೆ ಹೋಗುವ ಹಳೆಯ ಕಾಲದ ಚರಂಡಿ. ಅದರೊಳಗೆ ಕೆಸರು, ನಾಲ್ಕಾರು ಕಪ್ಪೆ.

ಪೊಲೀಸರು ಅವರನ್ನು ಕರೆದೊಯ್ದ ಮೇಲೆ ಆ ಮುಂಜಾನೆಯೇ ವೀರಭದ್ರಯ್ಯನವರನ್ನು ಕೇಳಿದ್ದೆ: "ಅಯ್ನೋರ, ಆ ಶುದ್ಧಿ ಶಾಸ್ತ್ರ ಯಾವ ಪುಸ್ತಕದಾಗ ಐತ್ರಿ?"

"ಯಾವುದರಾಗೂ ಇಲ್ಲವ್ವ. ಆತನ ಕಣ್ಣ ನೋಡಿದೆ, ಏನ್ ಹೇಳಿದ್ರೂ ನಂಬೋ ಮನಶ್ಯಾ ಅನಿಸ್ತು. ಹೇಳಿದೆ."

"ಆ ಕಲ್ಲಿಗೆ ಅರಿಶಿಣ ಹಚ್ಚಿದ್ದು?"

"ನಾನ. ಅಲ್ಲಿ ನಾಗಪ್ಪನ ಪೊರಿ ಸಿಕ್ಕಿತ್ತು. ತುಳೀಬಾರದಂತ ಹಚ್ಚಿದೆ." ಅವರು ನಕ್ಕರು. "ನಾ ನಿನ್ನ ಮ್ಯಾಲ ಅನುಮಾನ ಇಟ್ಟಿದ್ದೆ ನೋಡು. ಇಂಥಾ ಮಳಿಯಾಗ ಈಕಿ ಯಾಕ ಬಂದಾಳ, ಈ ಮಂದಿನ್ನ ಈಕೀನ ಕರಸ್ಯಾಳೇನು ಅಂತ. ಹುಡುಗೀನ ಒಳಗ ಹಾಕಿ ಬಾಗಲಿಗೆ ಅಡ್ಡ ನಿಂತಿಯಲ್ಲ, ಆವಾಗ ಬಿಟ್ಟೆ."

ಠಾಣೆಗೆ ಕವಿತಾಳ ತಾಯಿ ಅಳುತ್ತ ಬಂದಳು. ಮಗಳನ್ನು ತಬ್ಬಿಕೊಳ್ಳಲು ಹೋದಳು. ನಾನು ನಡುವೆ ಬಾಯಿ ಹಾಕಿದೆ. "ನಿನಗ ಗೊತ್ತಿತ್ತೇನವ್ವಾ?"

ಆಕೆ ನೆಲ ನೋಡಿದಳು. "ಅಂಜನ ಅಂದಿದ್ದ ನಮ್ಮ ತಮ್ಮ. ಕತ್ತಿ ಅಂದಿರ್ಲಿಲ್ರಿ."

ಮಗಳು ತಾಯಿಯ ಕೈ ಬಿಡಿಸಿಕೊಂಡಳು. ಎಲ್ಲಿಗೆ ಹೋಗುತ್ತೀ ಎಂದು ಶಬಾನಾ ಕೇಳಿದಾಗ ನನ್ನನ್ನು ತೋರಿಸಿದಳು. ವಯಸ್ಸಿಗೆ ಬಂದ ಹುಡುಗಿ, ಪೊಲೀಸರು ಬರೆಸಿಕೊಂಡು ಕಳಿಸಿದರು. ಹಾಗೆ ನಮ್ಮ ಮನೆಗೆ ಬಂದವಳು ಬಹಳ ದಿನ ಇದ್ದಳು. ತಾಯಿ ಆಗಾಗ ಜೋಳದ ಹಿಟ್ಟು ಹೊತ್ತು ಬರುತ್ತಿದ್ದಳು. ಮೊದಮೊದಲು ಕವಿತಾ ಒಳಗಿನಿಂದ ಹೊರಗೇ ಬರುತ್ತಿರಲಿಲ್ಲ. ಆಮೇಲಾಮೇಲೆ ಬಂದು ಎದುರು ಕೂರತೊಡಗಿದಳು. ಈಗ ಹೊಸಪೇಟೆಯಲ್ಲಿ ಕೆಲಸಕ್ಕಿದ್ದಾಳೆ. ತಾಯಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ.

ಅವಳು ನಮ್ಮಲ್ಲಿದ್ದಾಗ ಒಂದು ದಿನ, ಇಬ್ಬರೂ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದೆವು. ನನಗೆ ನನ್ನ ಜಾಣತನದ ಬಗ್ಗೆ ಸ್ವಲ್ಪ ಹೆಮ್ಮೆಯಿತ್ತು, ಸುಳ್ಳು ಯಾಕೆ ಹೇಳಲಿ. "ನಿನ್ನ ಪುಣ್ಯ ನೋಡು ಕವಿತಾ. ಊರಾಗ ಇಷ್ಟು ಗುಡಿ ಅದಾವು. ಅವರು ನನ್ನ ಗುಡಿಗೇ ಬಂದ್ರು" ಎಂದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅವ್ರು ಬರ್ಲಿಲ್ರಿ ಯಮ್ಮಾ. ನಾ ಕರ್ಕೊಂಡು ಬಂದೆ."

"ಹಂಗಂದ್ರ?" ಎಂದೆ.

"ಅಂಜನದಾಗ ನನಗ ಏನೂ ಕಾಣ್ತಿರ್ಲಿಲ್ರಿ, ಬರೇ ಕಪ್ಪು. ಇಲ್ಲ ಅಂದ್ರ ಬಡೀತಿದ್ರು. ಎಲ್ಲೋ ಹಾಳು ಗುಡ್ಡಕ್ಕ ಕರ್ಕೊಂಡು ಹೋಗಿಬಿಟ್ರ ಏನ್ ಮಾಡೂದು ಅಂತ ಅಂಜಿಕಿ ಇತ್ತು. ಕಾಲೇಜಿನಾಗ ಇದ್ದಾಗ ಒಮ್ಮೆ ನಿಮ್ಮ ಗುಡಿ ನೋಡಾಕ ಬಂದಿದ್ವಿ. ಒಬ್ಬ ಹುಡುಗ ಕಂಬದ ಮ್ಯಾಲ ಹೆಸರು ಗೀಚಿದ್ದಕ್ಕ ನೀವು ಆತನ ಕೈಲಿ ಇಡೀ ಮಂಟಪ ಕಸ ಹೊಡಿಸಿದ್ರಿ. ಮೇಷ್ಟ್ರು ಬಿಡ್ರಿ ಅಂದ್ರೂ ಬಿಡ್ಲಿಲ್ಲ. ಕಾವಲಿಗೆ ಹೆಣ್ಣುಮಗಳು ಇರೋ ಗುಡಿ ನನಗ ಗೊತ್ತಿದ್ದುದು ಅದೊಂದ. ಅದಕ್ಕ, ಕಾಣ್ತೈತಿ ಅಂದೆ. ಗುಡಿ ಹೆಸರು ಹೇಳಿ, ಸಂಡೂರ ಗುಡ್ಡ ಕಾಣ್ತೈತಿ, ಹೊಂಡ ಕಾಣ್ತೈತಿ, ಮಂಟಪದಾಗ ನೀರ ಇಳಿಯೂದು ಕಾಣ್ತೈತಿ ಅಂದೆ. ಅವತ್ತು ನಾವು ಬಂದಾಗೂ ಮಳಿ ಇತ್ತಲ್ಲ, ನೀರ ಹಂಗ ಇಳೀತಿತ್ತು."

ನಾನು ಅವಳ ಮುಖವನ್ನೇ ನೋಡಿದೆ. ಎಷ್ಟು ನೆನಪಿಸಿಕೊಂಡರೂ ಆ ಕಾಲೇಜಿನ ಗುಂಪಿನಲ್ಲಿ ಈ ಮುಖ ಸಿಗಲಿಲ್ಲ. ಬಂದವರನ್ನೆಲ್ಲ ಅಷ್ಟು ನೋಡಿದವಳು ನಾನು, ನನ್ನನ್ನು ನೋಡಿಕೊಂಡು ಹೋದವಳನ್ನು ನೋಡಿರಲಿಲ್ಲ.

ಅದಾದ ಮೇಲೆ ನಿವೃತ್ತಿಯಾಗುವ ತನಕ ನಾನು ರಜೆ ಹಾಕಲಿಲ್ಲ. ಜ್ವರ ಬಂದರೂ ಹೋಗಿ ಗೇಟು ತೆಗೆದು ಕುಳಿತೆ. ಯಾರು ಯಾವ ಊರಿನಲ್ಲಿ ಕುಳಿತು ನನ್ನ ಗುಡಿಯ ಹೆಸರು ಹೇಳುತ್ತಿದ್ದಾರೋ, ನನಗೇನು ಗೊತ್ತು?